ಹೊನ್ನೂರುಸ್ವಾಮಿ ಸುತ್ತು ಹಾಕಿದ ನೆರಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವ ಲೇಖಕರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅಂಥವರು ಕೊನೆಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನಮ್ಮನ್ನು ಸುಮ್ಮನೆ ಊರೆಲ್ಲ ಸುತ್ತಿಸಿ ಅಲ್ಲಿಗೇ ತಂದು ನಿಲ್ಲಿಸುತ್ತಾರೆ.

ಮೊದಲ ಕರಡು ಹೀಗಿತ್ತು: "ತುಂಗಭದ್ರೆ ತನ್ನ ಪಾಡಿಗೆ ತಾನು ಹರಿಯುತ್ತಿದ್ದಳು." ಕಸದ ಬುಟ್ಟಿಗೆ ಹಾಕಿದೆ. ಹೃದಯದ ಕಥೆಯಲ್ಲಿ ನದಿ ತಂದರೆ ಓದುಗರಿಗೆ ರಕ್ತ ನೆನಪಾಗಲಿ ಎಂಬ ಹಂಚಿಕೆ ಅದು. ನಿಮಗೆ ಗೊತ್ತಾಗದೇ ಇರುತ್ತದೆಯೇ?

ಎರಡನೆಯದರಲ್ಲಿ ಹಂಪಿ ಬಂತು. ಹೊಸಪೇಟೆಯಲ್ಲಿ ಕೂತು ಏನೇ ಬರೆಯಿರಿ, ಮೂರನೇ ಸಾಲಿಗೆ ಹಂಪಿ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತದೆ. ತಟ್ಟಿದರೆ ಸ್ವರ ಹೊರಡುವ ಕಲ್ಲುಕಂಬ, ಅದಕ್ಕೆ ಕಿವಿಗೊಟ್ಟು ನಿಂತ ನಾಯಕ, ಮುಂದೆ ಅವನೇ ಶಬ್ದ ಹಾಯಿಸಿ ಉಕ್ಕನ್ನು ಪರೀಕ್ಷಿಸುವ ಕೆಲಸಕ್ಕೆ ಸೇರುವುದು. ಎಷ್ಟು ಚೆಂದ ಕೂಡಿಬರುತ್ತದೆ! ಇಷ್ಟು ಚೆಂದ ಕೂಡಿಬಂದದ್ದು ಸುಳ್ಳೇ ಇರಬೇಕೆಂದು ಅದನ್ನೂ ಬಿಟ್ಟೆ. ನನ್ನ ನಾಯಕ ಹೊನ್ನೂರುಸ್ವಾಮಿ ಹಂಪಿಗೆ ಹೋಗಿದ್ದು ಒಂದೇ ಸಲ. ಅಲ್ಲಿ ಅವನ ಚಪ್ಪಲಿ ಕಳುವಾದವು, ಅಷ್ಟೇ.

೨

ಹೋಗಲಿ, ನೇರ ವಿಷಯಕ್ಕೆ ಬರುತ್ತೇನೆ.

ಹೊನ್ನೂರುಸ್ವಾಮಿ ಸಂಡೂರು ತಾಲೂಕಿನ ವಡ್ಡು ಊರಿನವನು. ವಯಸ್ಸು ಮೂವತ್ತೆಂಟು. ತೋರಣಗಲ್ಲಿನ ಆಚೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಗುತ್ತಿಗೆ ಕೆಲಸ. ದಪ್ಪ ಉಕ್ಕಿನ ಪ್ಲೇಟುಗಳ ಮೇಲೆ ಹೆಬ್ಬೆರಳು ಗಾತ್ರದ ಪ್ರೋಬ್ ಆಡಿಸುತ್ತ, ಕೊರಳಿಗೆ ತೂಗುಹಾಕಿದ ಪುಟ್ಟ ಪರದೆಯಲ್ಲಿ ಒಳಗೆ ಬಿರುಕಿದೆಯೇ ಎಂದು ನೋಡುವುದು ಅವನ ಕಸುಬು. ಪ್ರೋಬಿನಿಂದ ಕಿವಿಗೆ ಕೇಳದ ಶಬ್ದ ಹೊರಡುತ್ತದೆ, ಪ್ಲೇಟಿನ ತಳ ಮುಟ್ಟಿ ವಾಪಸು ಬರುತ್ತದೆ. ತಳದಿಂದ ಬರುವ ಆ ಉತ್ತರಕ್ಕೆ ಅವನು ಇಟ್ಟ ಹೆಸರು ಹಿಂಗೋಡೆ. ಹಿಂಗೋಡೆ ಕಂಡರೆ ಮಾಲು ಒಳ್ಳೆಯದು. ಹಿಂಗೋಡೆ ಮಾಯವಾಗಿ ಪರದೆ ಖಾಲಿಯಾದರೆ ನಡುವೆ ಏನೋ ಅಡ್ಡ ಇದೆ, ಬಿರುಕೋ ಪೊಳ್ಳೋ. ಆಗ ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಾನೆ. ಅವನು ಸುತ್ತು ಹಾಕಿದ ಮಾಲು ಮುಂದೆ ಹೋಗುವ ಹಾಗಿಲ್ಲ.

ಪ್ರೋಬಿಗೂ ಉಕ್ಕಿಗೂ ನಡುವೆ ಗಾಳಿ ಇರಬಾರದೆಂದು ಅಂಟಿನಂಥ ಒಂದು ಪದಾರ್ಥ ಸವರುತ್ತಾರೆ. ಅದಕ್ಕೆ ಅವರಲ್ಲಿ ಗಂಜಿ ಎನ್ನುತ್ತಾರೆ. ಹೊನ್ನೂರುಸ್ವಾಮಿಯ ತೋಳಿನ ಮೇಲೆ ಸದಾ ಒಣಗಿದ ಗಂಜಿ ಇರುತ್ತದೆ.

ಇಂಥ ಕೆಲಸ ಮಾಡುವವನಿಗೆ ಮನೆಯಲ್ಲಿ ಸುಮ್ಮನಿರಲು ಬರುತ್ತದೆಯೇ? ಹೊಸ ಬಿಂದಿಗೆ ತಂದರೆ ಗೆಣ್ಣಿನಿಂದ ಬಾರಿಸಿ ನೋಡುತ್ತಾನೆ. ಗೋಡೆಯಲ್ಲಿ ತೇವ ಕಂಡರೆ ಸುತ್ತು ಹಾಕುತ್ತಾನೆ. ಅತ್ತೆ ಕೊಟ್ಟ ಇಡ್ಲಿ ಪಾತ್ರೆಯ ತಳಕ್ಕೂ ಒಂದು ಸುತ್ತು ಬಿದ್ದಿದೆ. (ಅತ್ತೆ ಆರು ತಿಂಗಳು ಮಾತು ಬಿಟ್ಟಿದ್ದರು. ಈ ಕಥೆಗೆ ಅದು ಬೇಕಿಲ್ಲ, ಆದರೂ ಹೇಳಿದೆ.)

೨, ಇನ್ನೊಮ್ಮೆ

ಅವನ ಹೆಂಡತಿ ರೇಣುಕಮ್ಮ. ಅವಳ ಬಗ್ಗೆ ವಿವರವಾಗಿ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ಮೂವತ್ತಮೂರು ವರ್ಷ, ವಡ್ಡಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ, ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ನಾಲ್ವರು ಡಾಕ್ಟರು ನಾಲ್ಕು ಮಾತು ಹೇಳಿದ್ದರು. ಗ್ಯಾಸು. ರಕ್ತ ಕಡಿಮೆ. ನಿದ್ದೆ ಕಡಿಮೆ. ಕೊನೆಯವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ ಎಂದು ಹೇಳಿ ಕಳಿಸಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಒಣಹಾಕಿ ಬಂದು ಗೋಡೆಗೆ ಒರಗಿ ಕೂತಾಗ ಹೊನ್ನೂರುಸ್ವಾಮಿ ಅವಳ ಎದೆಗೆ ಕಿವಿ ಇಟ್ಟ.

"ಏನ್ ಮಾಡಾಕ್ಹತ್ತೀರಿ? ಬಾಗ್ಲಾ ತೆರದೈತಿ!" ಎಂದಳು ರೇಣುಕಮ್ಮ.

"ಸುಮ್ಕಿರಲೇ. ಎರಡನೇ ಬಡಿತ ಒಂದಲ್ಲ, ಎರಡಾಗಿ ಒಡದು ಕೇಳಾಕತ್ತೈತಿ."

"ನಾನೇನು ನಿಮ್ಮ ಪ್ಲೇಟೇನ್ರಿ?"

ಅವನು ಜೇಬಿನಿಂದ ಬಾಲ್‌ಪೆನ್ ತೆಗೆದು, ಆ ಸದ್ದು ಕೇಳಿದ ಜಾಗಕ್ಕೆ ಒಂದು ಸುತ್ತು ಹಾಕಿದ. ಸ್ನಾನ ಮಾಡುವಾಗ ಅಳಿಸದಂತೆ ನೋಡಿಕೋ ಎಂದ. ಮರುದಿನ ಇಬ್ಬರೂ ಹೊಸಪೇಟೆಯ ಆಸ್ಪತ್ರೆಗೆ ಬಂದರು. (ಆಸ್ಪತ್ರೆಯ ಹೆಸರು ಕೇಳಬೇಡಿ. ಅದನ್ನು ನಾನೇ ಕಟ್ಟಿಸಿದ್ದು, ಈ ಕಥೆಗಾಗಿ, ಹೋದ ವಾರ.)

ಅಲ್ಲಿದ್ದವರು ಡಾಕ್ಟರ್ ಗಂಗಾಂಬಿಕಾ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಹೃದಯವನ್ನು ಪರದೆಯ ಮೇಲೆ ನೋಡುವ ಎಕೋ ಪರೀಕ್ಷೆಯಲ್ಲಿ ಒಳ್ಳೆ ಹೆಸರು. ಬಾಲ್‌ಪೆನ್ನಿನ ಸುತ್ತು ನೋಡಿ ಅವರು ನಕ್ಕರು. ನಗುತ್ತಲೇ ಸ್ಟೆತಸ್ಕೋಪನ್ನು ಸುತ್ತಿನೊಳಗೆ ಇಟ್ಟರು. ಆಮೇಲೆ ನಗಲಿಲ್ಲ. ಎಕೋ ಮಾಡಿ ನೋಡಿದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿತ್ತು. ಹುಟ್ಟಿದಾಗಿನಿಂದ ಇದ್ದದ್ದು.

ಅಲ್ಲಿಗೆ ಹೊನ್ನೂರುಸ್ವಾಮಿಯ ಅನುಮಾನ ಒಂದು ಸಲ ನಿಜವಾಗಿತ್ತು.

೪

(ಮೂರು ಇಲ್ಲ. ಮೂರರಲ್ಲಿ ಅವರ ಮದುವೆ, ಪ್ರೀತಿ ಇತ್ಯಾದಿ ಇತ್ತು. ಓದಿದರೆ ನನಗೇ ನಂಬಿಕೆ ಬರಲಿಲ್ಲ.)

ಅವನ ಅನುಮಾನ ಸುಳ್ಳಾದ ಸಂಗತಿಯನ್ನೂ ಹೇಳಬೇಕು. ಮುಚ್ಚಿಟ್ಟರೆ ನೀವು ನನ್ನನ್ನು ಅವನ ಕಡೆಯವನು ಅಂದುಕೊಳ್ಳುತ್ತೀರಿ.

ಹೋದ ವರ್ಷ ಒಂದು ದೊಡ್ಡ ಪ್ಲೇಟಿನಲ್ಲಿ ಹಿಂಗೋಡೆ ಮಾಯವಾಯಿತು. ಅವನು ಸುತ್ತು ಹಾಕಿದ. ಸೂಪರ್‌ವೈಸರ್ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಗ್ಯಾಸ್ ಕಟರ್ ತರಿಸಿ ಎಲ್ಲರ ಎದುರಿಗೆ ಸುತ್ತಿನ ನಡುವೆ ಕೊಯ್ದರು. ಒಳಗೆ ಏನೂ ಇರಲಿಲ್ಲ. ಕನ್ನಡಿಯಂಥ ಉಕ್ಕು. ಆ ಜಾಗದಲ್ಲಿ ಗಂಜಿ ಒಣಗಿತ್ತು, ಶಬ್ದ ಒಳಗೆ ಹೋಗಿರಲೇ ಇಲ್ಲ. ಅವನು ತಲೆ ತಗ್ಗಿಸಿ ನಿಂತ. ಅಂದಿನಿಂದ ವರ್ಕ್‌ಶಾಪಿನವರು ಅವನನ್ನು "ಸುತ್ತುಸ್ವಾಮಿ" ಎಂದು ಕರೆಯುತ್ತಾರೆ.

ಇದನ್ನು ಬರೆದ ಕೂಡಲೇ ಹೊನ್ನೂರುಸ್ವಾಮಿ ನನ್ನನ್ನು ತರಾಟೆಗೆ ತೆಗೆದುಕೊಂಡ. ಪಾತ್ರಗಳು ಮಾತಾಡುವುದಿಲ್ಲ ಎಂದು ಯಾರು ಹೇಳಿದರು? ಇವನಂತೂ ಹಾಳೆಯ ಅಂಚಿನಲ್ಲೇ ಕಾದು ಕೂತಿರುತ್ತಾನೆ.

"ಸರ, ಇದನ್ನ ಯಾಕ ಬರದ್ರಿ?"

"ಮುಂದೆ ಬೇಕಾಗುತ್ತದೆ."

"ಮುಂದ ಅಂದ್ರ? ಮುಂದ ನಾನು ತಪ್ಪು ಮಾಡ್ತೀನಂತ ಈಗ್ಲೇ ಗುರ್ತು ಮಾಡಿ ಇಟ್ರೇನು?"

ಸೀಮೆಸುಣ್ಣ ಇರುವುದು ಅವನ ಕೈಯಲ್ಲಿ ಮಾತ್ರವಲ್ಲ.

೫

ಈಗ ಸ್ವಲ್ಪ ವೈದ್ಯಕೀಯ. ಬೇಜಾರು ಮಾಡಿಕೊಳ್ಳಬೇಡಿ, ನನಗೂ ಇದು ಕೇಳಿ ತಿಳಿದದ್ದೇ.

ತೂತು ಮುಚ್ಚಲು ಈಗ ಎಲ್ಲ ಸಲವೂ ಎದೆ ಕೊಯ್ಯಬೇಕಿಲ್ಲ. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆಯೊಂದನ್ನು ಹೃದಯದವರೆಗೆ ಏರಿಸುತ್ತಾರೆ. ಅದರೊಳಗೆ ಮಡಚಿಟ್ಟ ತಂತಿಜಾಲರಿಯ ಎರಡು ಬಿಲ್ಲೆ ಇರುತ್ತವೆ. ತೂತಿನ ಆಚೆ ಒಂದು ಬಿಲ್ಲೆ ಅರಳುತ್ತದೆ, ಈಚೆ ಇನ್ನೊಂದು. ನಡುವೆ ಗೋಡೆ ಸಿಕ್ಕಿಕೊಳ್ಳುತ್ತದೆ. ರೇಣುಕಮ್ಮನ ಭಾಷೆಯಲ್ಲಿ ಟಿಚ್ ಬಟನ್. ಹೊನ್ನೂರುಸ್ವಾಮಿಯ ಭಾಷೆಯಲ್ಲಿ ಎರಡು ವಾಷರ್.

ಇದನ್ನೆಲ್ಲ ಕಣ್ಣಿಗೆ ಕಾಣದ ಜಾಗದಲ್ಲಿ ಮಾಡಬೇಕು. ಎಕ್ಸ್‌ರೇ ಹಾಕಿದರೆ ತಂತಿ ಚೆನ್ನಾಗಿ ಕಾಣುತ್ತದೆ, ಆದರೆ ತೂತಿರುವ ಗೋಡೆ ಕಾಣುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಗೋಡೆ ಕಾಣುತ್ತದೆ, ಆದರೆ ತಂತಿ ಕಣ್ಣಾಮುಚ್ಚಾಲೆ ಆಡುತ್ತದೆ. ತುದಿ ಎಂದುಕೊಂಡದ್ದು ನಡುವಿನ ಭಾಗ ಆಗಿರಬಹುದು. ಹಾಗಾಗಿ ಇಬ್ಬರು ಬೇಕು. ಡಾಕ್ಟರ್ ಸಿದ್ದಲಿಂಗೇಶ್ ತೊಡೆಯ ಹತ್ತಿರ ನಿಂತು ನಳಿಗೆ ನೂಕುವವರು. ಗಂಗಾಂಬಿಕಾ ಎದೆಯ ಹತ್ತಿರ ನಿಂತು ಪ್ರೋಬ್ ಹಿಡಿದು, ಅದು ಎಲ್ಲಿದೆ ಎಂದು ಹೇಳುವವರು.

ಬಿಲ್ಲೆಗಳು ಕೂತ ಮೇಲೂ ಒಂದು ಉದ್ದನೆಯ ಕೇಬಲ್ಲಿಗೆ ತಿರುಪಿನಿಂದ ಸಿಕ್ಕಿರುತ್ತವೆ. ಕೇಬಲ್ಲನ್ನು ಎಳೆದು ನೂಕಿ, ಗಟ್ಟಿ ಕೂತಿದೆಯೇ ನೋಡುತ್ತಾರೆ. ಸಂಶಯವಿದ್ದರೆ ಒಳಗೆಳೆದುಕೊಂಡು ಮತ್ತೆ ಶುರು. ತಿರುಪು ಬಿಚ್ಚಿದರೆ ಮುಗಿಯಿತು. ಆಮೇಲೆ ಜಾರಿದರೆ ಅದನ್ನು ಹಿಡಿಯಲು ರಕ್ತದೊಳಗೆ ಬೆನ್ನಟ್ಟಬೇಕು, ಇಲ್ಲವೇ ಎದೆಯನ್ನೇ ತೆರೆಯಬೇಕು.

ಇಡೀ ಕಥೆ ಆ ತಿರುಪಿನ ಮೇಲೆ ನಿಂತಿದೆ. ಇಲ್ಲಿಂದ ಮುಂದೆ ಜಾಗರೂಕರಾಗಿ ಓದಿ. ನನ್ನನ್ನು ಅಷ್ಟಾಗಿ ನಂಬಬೇಡಿ.

೬

ಆ ದಿನ ಬಂತು. ಮಂಗಳವಾರ, ಬೆಳಗಿನ ಹತ್ತೂವರೆ. ರೇಣುಕಮ್ಮನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿರಲಿಲ್ಲ, ತೊಡೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಎಚ್ಚರವಾಗಿಯೇ ಮಲಗಿದ್ದಳು. ಗಂಗಾಂಬಿಕಾ ಅವಳ ಪಕ್ಕೆಲುಬಿನ ಕೆಳಗೆ ಜೆಲ್ ಸವರಿದರು.

"ಥಣ್ಣಗ ಐತಿ. ನಮ್ಮನಿಯವ್ರು ಇದಕ್ಕ ಗಂಜಿ ಅಂತಾರ್ರಿ ಮೇಡಂ," ಎಂದಳು ರೇಣುಕಮ್ಮ.

"ನಿಮ್ಮನಿಯವ್ರು ಒಳಗ ಬಂದು ನನ್ನ ಕೈಯಾಗಿಂದ ಪ್ರೋಬ್ ಕಸ್ಕೊಳ್ದಿದ್ರ ಸಾಕು ನೋಡವಾ," ಎಂದರು ಗಂಗಾಂಬಿಕಾ.

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆ. ಹೃದಯದ ಕೆಲಸ ಅರ್ಧಕ್ಕೆ ಬಂದಾಗ ಮನೆಯವರಲ್ಲಿ ಒಬ್ಬರನ್ನು ಗಾಜಿನ ಆಚೆಯ ಕೋಣೆಗೆ ಕರೆಯುತ್ತಾರೆ. ಪರದೆ ತೋರಿಸಿ, "ನೋಡ್ರಿ, ಹಿಂಗೈತಿ, ಹಿಂಗ ಮಾಡ್ತೀವಿ" ಎನ್ನುತ್ತಾರೆ. ಬಂದವರಿಗೆ ಕಾಣುವುದು ಬೂದುಬಣ್ಣದ ಮಿಣಮಿಣ. ಅವರು ಕೈಮುಗಿದು, "ನಮಗೇನ್ ತಿಳಿತೈತ್ರಿ, ನೀವು ಹೆಂಗಂದ್ರ ಹಂಗ" ಎನ್ನುತ್ತಾರೆ. ಕಣ್ಣೊರೆಸಿಕೊಂಡು ಹೊರಗೆ ಹೋಗುತ್ತಾರೆ. ನನಗೆ ಗೊತ್ತಿದ್ದಮಟ್ಟಿಗೆ ಈ ಪದ್ಧತಿಯಲ್ಲಿ ಯಾರೂ ಪರದೆಯನ್ನು ನೋಡಿರಲಿಲ್ಲ.

ಎರಡು ಬಿಲ್ಲೆಗಳೂ ಅರಳಿ ಕೂತ ಮೇಲೆ ಹೊನ್ನೂರುಸ್ವಾಮಿಯನ್ನು ಕರೆದರು. ಗಾಜಿನ ಈಚೆ ಅವನು, ಅವನ ಮುಂದೆ ಪರದೆ, ಪಕ್ಕದಲ್ಲಿ ಒಳಗಿನವರ ಜೊತೆ ಮಾತಾಡಲು ಮೈಕು. ಗಂಗಾಂಬಿಕಾ ಒಳಗಿನಿಂದ ರೇಣುಕಮ್ಮನಿಗೆ ಹೇಳಿದರು:

"ಯಮ್ಮಾ, ಚಿತ್ರ ಅಲುಗಾಡಬಾರ್ದು. ಉಸ್ರು ಎಳ್ಕೊಂಡು ಹಂಗ ಹಿಡೀರಿ. ನಾ ಹೇಳೋತನಕ."

ರೇಣುಕಮ್ಮ ಉಸಿರು ಎಳೆದುಕೊಂಡು ಹಿಡಿದಳು. ಚಿತ್ರ ನಿಂತಿತು.

ಹೊನ್ನೂರುಸ್ವಾಮಿ ಕೈಮುಗಿಯಲಿಲ್ಲ. ಕಣ್ಣು ಕಿರಿದು ಮಾಡಿ ಪರದೆ ನೋಡಿದ. ಎರಡು ಬಿಲ್ಲೆ ಬೆಳ್ಳಗೆ ಹೊಳೆಯುತ್ತಿದ್ದವು. ಅವುಗಳ ಕೆಳಗೆ ಕಪ್ಪು ಪಟ್ಟಿ. ಪಟ್ಟಿಯೊಳಗೆ ಏನೂ ಇಲ್ಲ, ಗೋಡೆ ಇಲ್ಲ, ತಳ ಇಲ್ಲ. ಅವನ ಬೆರಳು ತನ್ನಷ್ಟಕ್ಕೆ ತಾನೇ ಎದ್ದು ಪರದೆಯ ಮೇಲೆ ಆ ಕಪ್ಪಿನ ಸುತ್ತ ಒಂದು ಸುತ್ತು ಹಾಕಿತು.

"ಮೇಡಂ, ಬಿಚ್ಚಬ್ಯಾಡ್ರಿ. ಇಲ್ಲಿ ಹಿಂಗೋಡಿ ಇಲ್ಲ. ಒಡದೈತಿ."

೬, ಮುಂದುವರಿದದ್ದು

"ಅದು ನೆರಳ್ರಿ," ಎಂದರು ಗಂಗಾಂಬಿಕಾ. "ಲೋಹ ಶಬ್ದಾನ ತಡದು ನಿಲ್ಲಿಸ್ತೈತಿ. ಹಿಂದಿಂದು ಕಾಣಂಗಿಲ್ಲ, ಅಷ್ಟ. ನಿಮ್ಮ ಪ್ಲೇಟಿನಾಗ ಕಪ್ಪಂದ್ರ ಬಿರುಕು. ಇಲ್ಲಿ ಹಂಗಲ್ಲ."

ತಪ್ಪು ಅವನದೇ. ಉಕ್ಕಿನ ಲೆಕ್ಕವನ್ನು ಮಾಂಸಕ್ಕೆ ಹಚ್ಚಿದ್ದ. ಉಕ್ಕೇ ಅಡ್ಡ ಬಂದು ನಿಂತಾಗ ಏನಾಗುತ್ತದೆಂದು ಉಕ್ಕಿನೊಳಗೆ ನೋಡುವವನಿಗೆ ಹೇಗೆ ತಿಳಿಯಬೇಕು? ಅವನ ಕಿವಿ ಕೆಂಪಾಯಿತು. ಗ್ಯಾಸ್ ಕಟರ್ ನೆನಪಾಯಿತು, ಸುತ್ತುಸ್ವಾಮಿ ನೆನಪಾಯಿತು. ಇಲ್ಲಿ ಕೊಯ್ದು ನೋಡುವ ಹಾಗೂ ಇಲ್ಲ.

ಆದರೆ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ.

"ನೆರಳಂತೀರಿ. ಸರಿ, ನೆರಳ. ನೆರಳಿನ ಹಿಂದ ಏನೈತ್ರಿ ಮೇಡಂ?"

ಗಂಗಾಂಬಿಕಾ ಪರದೆಯ ಕಡೆ ಬಾಗಿದರು. ಸಿದ್ದಲಿಂಗೇಶರ ಬೆರಳು ಕೇಬಲ್ಲಿನ ತಿರುಪಿನ ಮೇಲಿತ್ತು. ಅವರು ಗಂಗಾಂಬಿಕಾರ ಮುಖ ನೋಡಿದರು.

ಇಲ್ಲಿಗೆ ನನ್ನ ಪೆನ್ನು ನಿಂತಿತು.

೭

ಕೊನೆ, ಮೊದಲ ಬಗೆ: ಯಾರೂ ಅವನ ಮಾತು ಕೇಳುವುದಿಲ್ಲ. ತಿರುಪು ಬಿಚ್ಚುತ್ತಾರೆ. ನೆರಳಿನ ಹಿಂದೆ ಒಂದು ಅಂಚು ಗೋಡೆಯನ್ನು ಹಿಡಿದಿರಲಿಲ್ಲ. ಬಿಲ್ಲೆ ಜಾರುತ್ತದೆ. ಮುಂದಿನದು ನಿಮಗೆ ಗೊತ್ತು. ವಡ್ಡಿನ ಮನೆಯಲ್ಲಿ ಹೊಲಿಗೆ ಯಂತ್ರ, ಅದರ ಸೂಜಿಯಲ್ಲಿ ಅರ್ಧಕ್ಕೆ ನಿಂತ ದಾರ.

"ಸರ!" ಹೊನ್ನೂರುಸ್ವಾಮಿ ಗಾಜು ಗುದ್ದಿದ. "ನನಗ ಮದ್ಲಿಂದ ಗುಮಾನಿ ಇತ್ತು. ನೀವು ಆಕಿನ ಸಾಯಿಸಾಕ ಕುಂತೀರಿ. ಆ ದಾರ ಮದ್ಲ ಪೋಣಿಸಿ ಇಟ್ಕೊಂಡಿದ್ರಿ, ಹೌದಲ್ಲ?"

ಹೌದು. ಆ ದಾರದ ಸಾಲು ನನಗೆ ಎಂಟು ದಿನದ ಹಿಂದೆಯೇ ಹೊಳೆದಿತ್ತು. ರೇಣುಕಮ್ಮನಿಗೆ ಹೊಲಿಗೆ ಯಂತ್ರ ಕೊಟ್ಟದ್ದೇ ಅದಕ್ಕೆ. ನನಗೆ ನಾಚಿಕೆಯಾಗಿದೆ, ಆದರೂ ಸಾಲನ್ನು ಇನ್ನೂ ಹೊಡೆದುಹಾಕಿಲ್ಲ. ಚೆನ್ನಾಗಿದೆಯಲ್ಲ?

ಎರಡನೇ ಬಗೆ: ಗಂಗಾಂಬಿಕಾ ಪ್ರೋಬ್ ತಿರುಗಿಸುತ್ತಾರೆ. ಅಂಚು ಹಿಡಿದಿಲ್ಲವೆಂದು ಗೊತ್ತಾಗುತ್ತದೆ. ಬಿಲ್ಲೆ ಹಿಂದಕ್ಕೆಳೆದು ಮತ್ತೆ ಕೂರಿಸುತ್ತಾರೆ. ಗುತ್ತಿಗೆ ಕೆಲಸದವನೊಬ್ಬ ಡಾಕ್ಟರಿಗೆ ಪಾಠ ಕಲಿಸುತ್ತಾನೆ. ವಾಟ್ಸಾಪಿನಲ್ಲಿ ಹರಿದಾಡುವಂಥ ಕೊನೆ.

ಈ ಸಲ ಗಂಗಾಂಬಿಕಾ ನನ್ನ ಮೇಲೆ ಹರಿಹಾಯ್ದರು. "ಹದಿಮೂರು ವರ್ಷ ಓದೀನ್ರಿ ನಾನು. ನೆರಳಿನ ಹಿಂದ ನೋಡ್ಬೇಕಂತ ನನಗ ಇವ್ರು ಹೇಳಿಕೊಡ್ಬೇಕೇನು? ಪ್ರೋಬ್ ತಿರುಗಿಸೋಳ ಇದ್ದೆ. ಅಷ್ಟ್ರಾಗ ನೀವು ಬಂದು ಕಥಿ ನಿಲ್ಲಿಸಿದ್ರಿ."

"ನಿಜವಾಗಿ ತಿರುಗಿಸುವವರಿದ್ದಿರಾ?" ಎಂದು ಕೇಳಿದೆ.

"ನಿಮಗ ನಂಬಿಕಿ ಇಲ್ಲೇನು?"

ಇಲ್ಲ. ನಾನೇ ಹುಟ್ಟಿಸಿದ ಡಾಕ್ಟರ ಮೇಲೂ ನನಗೆ ನಂಬಿಕೆಯಿಲ್ಲ. ಇದು ರೋಗ ಎಂದು ನನಗೆ ಗೊತ್ತು. ಹೊನ್ನೂರುಸ್ವಾಮಿಯ ಅನುಮಾನಕ್ಕಾದರೂ ಒಂದು ಕಾರಣವಿದೆ, ಅವನ ಹೆಂಡತಿ ಮೇಜಿನ ಮೇಲೆ ಮಲಗಿದ್ದಾಳೆ. ನನ್ನದಕ್ಕೆ ಏನಿದೆ?

ಮೂರನೇ ಬಗೆ: ಎಲ್ಲ ಸರಿಯಿತ್ತು. ನೆರಳು ಬರೀ ನೆರಳು. ಮೂರು ದಿನದ ಮೇಲೆ ಗಂಡ ಹೆಂಡತಿ ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ವಡ್ಡಿನ ಬಸ್ಸು ಹತ್ತುತ್ತಾರೆ. ಹೊನ್ನೂರುಸ್ವಾಮಿ ಮಿರ್ಚಿಯನ್ನು ಮುರಿದು ಒಳಗೆ ನೋಡಿ ತಿನ್ನುತ್ತಾನೆ.

"ಇದು ಬಾಳ ಚಲೋ ಐತಿ," ಎಂದ ಹೊನ್ನೂರುಸ್ವಾಮಿ. ಇನ್ನೊಮ್ಮೆ ಓದಿ, "ಇಷ್ಟು ಚಲೋ ಯಾಕೈತಿ?" ಎಂದ.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆ ಮಿರ್ಚಿಯ ಸಾಲಿನ ಮೇಲೆ ಇಬ್ಬರಿಗೂ ಅನುಮಾನ. ಅಲ್ಲಿಂದ ವಾದ ಜೋರಾಯಿತು. ನಾಲ್ಕನೆಯದು ಬರೆದೆ, ಹೊಡೆದುಹಾಕಿದೆ. ಸಿದ್ದಲಿಂಗೇಶರ ಕೈ ನಡುಗುವ ಐದನೆಯದನ್ನು ಬರೆಯುವಾಗ ಅವರು, "ನನ್ನ ಕೈ ಯಾವತ್ತೂ ನಡುಗಿಲ್ರಿ" ಎಂದು ಗದರಿದರು. ಗಂಗಾಂಬಿಕಾ ನನ್ನ ಓದಿನ ಬಗ್ಗೆ ವಿಚಾರಿಸಿದರು. ಹೊನ್ನೂರುಸ್ವಾಮಿ ಮೈಕು ಬಿಟ್ಟು ನನ್ನ ಕಡೆ ತಿರುಗಿ ನಿಂತ. ನಾನು ಚಹ ಕುಡಿದು ಬಂದೆ. ಆರನೆಯದಕ್ಕೆ ಹೊಸ ಹಾಳೆ ತೆಗೆದೆ.

ಟಕ್.

ಯಾರೋ ಏನನ್ನೋ ಬೀಳಿಸಿರಬೇಕು ಎಂದುಕೊಂಡೆ.

ಟಕ್. ಟಕ್.

ಮೊದಲು ತಿರುಗಿ ನೋಡಿದವನು ಹೊನ್ನೂರುಸ್ವಾಮಿ. ಸದ್ದು ಒಳಗಿನ ಕೋಣೆಯದು, ಮೈಕಿನಲ್ಲಿ ಬರುತ್ತಿತ್ತು. ಉಗುರಿನಿಂದ ಮೇಜಿನ ಉಕ್ಕಿನ ಅಂಚನ್ನು ಬಡಿಯುವ ಸದ್ದು. ಒಡಕಿಲ್ಲದ, ಗಟ್ಟಿ ಉಕ್ಕಿನ ಸದ್ದು ಅದು, ಅವನಿಗೆ ಅದು ಗೊತ್ತಾಯಿತು. ಬಡಿಯುವವರು ಯಾರೆಂಬುದೂ ಗೊತ್ತಾಯಿತು.

೮

ನೀವು ಹಿಂದಿನ ಪುಟಕ್ಕೆ ಹೋಗಿ ನೋಡಬಹುದು. ಗಂಗಾಂಬಿಕಾ "ನಾ ಹೇಳೋತನಕ" ಎಂದಿದ್ದರು. ಆಮೇಲೆ ಉಸಿರು ಬಿಡಿ ಎಂದು ಅವರು ಹೇಳಲಿಲ್ಲ. ಹೇಳಲು ನಾನು ಬಿಡಲಿಲ್ಲ. ಮೂರು ಕೊನೆಗಳು, ಎರಡು ಹೊಡೆದುಹಾಕಿದ ಕರಡುಗಳು, ಒಂದು ಚಹ. ಅಷ್ಟೂ ಹೊತ್ತು ರೇಣುಕಮ್ಮ ಉಸಿರು ಹಿಡಿದುಕೊಂಡೇ ಮಲಗಿದ್ದಳು. ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು ಬಿಡುವವಳು.

ಅವಳ ಬಗ್ಗೆ ಆಮೇಲೆ ವಿವರವಾಗಿ ಹೇಳುತ್ತೇನೆ ಎಂದಿದ್ದೆ. ಹೇಳಲಿಲ್ಲ. ನೆರಳಿನ ಹಿಂದೆ ಏನಿದೆ ಎಂದು ನಾವೆಲ್ಲ ಜಗಳವಾಡುತ್ತಿದ್ದೆವು. ಅವಳ ಮುಖ ನೋಡಿದವರು ಯಾರೂ ಇರಲಿಲ್ಲ. ನೀವು ನೋಡಿದಿರಾ?

ಹೊನ್ನೂರುಸ್ವಾಮಿ ಮೈಕಿಗೆ ಬಾಯಿ ಹಚ್ಚಿದ. ಪರದೆಯಲ್ಲಿ ಚಿತ್ರ ಇನ್ನೂ ಸ್ಥಿರವಾಗಿತ್ತು. ಅವನು ಹಾಕಿದ ಸುತ್ತಿನ ಬೆರಳಚ್ಚು ಅದರ ಮೇಲೆ ಹಾಗೇ ಇತ್ತು. ಇನ್ನು ಒಂದೇ ಒಂದು ಗಳಿಗೆ ಅವಳು ತಡೆದುಕೊಂಡರೆ, ಗಂಗಾಂಬಿಕಾ ಪ್ರೋಬನ್ನು ಇಷ್ಟೇ ಇಷ್ಟು ತಿರುಗಿಸಿದರೆ, ಎಲ್ಲ ಕಾಣುತ್ತಿತ್ತೇನೋ. ಅವನಿಗೆ ನೋಡಬೇಕಿತ್ತು. ಜೀವಮಾನದಲ್ಲಿ ಯಾವುದನ್ನೂ ಅವನು ಅಷ್ಟು ನೋಡಬೇಕೆಂದುಕೊಂಡಿರಲಿಲ್ಲ.

"ರೇಣುಕಾ," ಎಂದ. "ಉಸ್ರಾಡವಾ. ಸಾಕು ನೋಡಿದ್ದು. ಉಸ್ರಾಡು."

ರೇಣುಕಮ್ಮ ಉಸಿರು ಬಿಟ್ಟಳು. ಆ ಸದ್ದಿಗೆ ಮೈಕು ಗರಗರ ಎಂದಿತು. ಪರದೆಯ ಮೇಲೆ ಬಿಲ್ಲೆ, ಗೋಡೆ, ನೆರಳು ಎಲ್ಲವೂ ಕಲಸಿಹೋದವು. ಯಾರಿಗೂ ಏನೂ ಕಾಣಲಿಲ್ಲ. ಹೊನ್ನೂರುಸ್ವಾಮಿ ತೋಳಿನಿಂದ ಪರದೆ ಒರೆಸಿದ. ಸುತ್ತು ಹೋಯಿತು. ಒಣಗಿದ ಗಂಜಿಯ ಪುಡಿ ಅಲ್ಲಿ ಒಂದಿಷ್ಟು ಅಂಟಿತು.

ಸಿದ್ದಲಿಂಗೇಶರ ಬೆರಳು ತಿರುಪಿನ ಮೇಲೇ ಇದೆ. ಕೇಬಲ್ ಬಿಚ್ಚಿಲ್ಲ. ಗಂಗಾಂಬಿಕಾ ಸ್ವಲ್ಪ ಹೊತ್ತು ರೇಣುಕಮ್ಮನ ಭುಜ ಸವರಿದರು. ಆಮೇಲೆ ಪ್ರೋಬನ್ನು ಎತ್ತಿ ಎದೆಯ ಇನ್ನೊಂದು ಪಕ್ಕಕ್ಕೆ ಇಟ್ಟರು.

"ಇನ್ನೊಂದ್ಸಲ ಹಿಡೀಬೇಕಾಗ್ತೈತಿ ಯಮ್ಮಾ. ಈ ಸಲ ಈ ಕಡಿಯಿಂದ ನೋಡ್ತೀನಿ. ಆಗ್ತೈತೇನು?"

"ಆಗ್ತೈತ್ರಿ," ಎಂದಳು ರೇಣುಕಮ್ಮ. "ಆದ್ರ ಮೇಡಂ, ಆ ಬರಿಯೋರಿಗೆ ಮದ್ಲು ಪೆನ್ನು ಕೆಳಗಿಡಾಕ ಹೇಳ್ರಿ. ಅವ್ರು ಬರದಷ್ಟು ಹೊತ್ತೂ ನಾನು ಹಿಡ್ಕೊಂಡಿರ್ಬೇಕಾಗ್ತೈತಿ."

ಗಾಜಿನ ಈಚೆಯಿಂದ ಹೊನ್ನೂರುಸ್ವಾಮಿ ನನ್ನ ಕೈಯನ್ನೇ ನೋಡುತ್ತಿದ್ದಾನೆ. ನಿಮಗೂ ನೆರಳಿನ ಹಿಂದೆ ಏನಿತ್ತು ಎಂದು ತಿಳಿಯಬೇಕಿದೆ, ನನಗೆ ಗೊತ್ತು. ನನಗೂ ತಿಳಿಯಬೇಕಿದೆ.

ರೇಣುಕಮ್ಮ ಉಸಿರು ಎಳೆದುಕೊಳ್ಳುತ್ತಿದ್ದಾಳೆ. ನಾನು ಪೆನ್ನು ಕೆಳಗಿಡುತ್ತಿದ್ದೇನೆ.